ಮರಿ ತುರಿಸಿಕೊಳ್ಳುತ್ತಿಲ್ಲ, ಆದರೂ ಮೈತುಂಬ ಹಕ್ಕಳೆ!

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ಎರಡು ತಿಂಗಳ ಆಡಿನ ಮರಿ ಇದೆ. ಆರಿದ್ರಾ ಮಳೆ ಹಿಡಿದ ಮೇಲೆ ಅದರ ಕಿವಿ, ಮೂಗಿನ ಮೇಲೆ, ಬೆನ್ನಿನುದ್ದಕ್ಕೂ ಗಟ್ಟಿ ಹಕ್ಕಳೆ ಕಟ್ಟಿದೆ. ಎಳೆದರೆ ಕೂದಲೂ ಗೊಂಚಲಾಗಿ ಜೊತೆಗೇ ಬರುತ್ತದೆ, ಕೆಳಗೆ ಕೆಂಪಗೆ ಹಸಿಹಸಿ. ತುರಿಸಿಕೊಳ್ಳುವುದು ಅಷ್ಟೇನಿಲ್ಲ. ಹಾಲು ಕುಡಿಯುತ್ತದೆ, ಆದರೆ ಸೊರಗಿದೆ. ಔಷಧಿ ಅಂಗಡಿಯವರು ಕಜ್ಜಿಗೆ ಅಂತ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಟ್ಟರು, ನಾವೇ ಹಾಕಿದೆವು. 12 ದಿನವಾಯಿತು, ಏನೂ ಬದಲಾಗಿಲ್ಲ. ನಮ್ಮತ್ತೆ ದಿನಾ ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಾರೆ. ಪಕ್ಕದ ಮನೆಯವರು ಸುಟ್ಟ ಎಂಜಿನ್ ಆಯಿಲ್ ಬಳಿಯಿರಿ ಎನ್ನುತ್ತಿದ್ದಾರೆ. ಮಗಳಂತೂ ಮರಿಯನ್ನು ತೊಡೆಯಿಂದ ಇಳಿಸುವುದೇ ಇಲ್ಲ. ಇದು ಏನು ಕಾಯಿಲೆ ಸಾರ್?

ಉತ್ತರ: ಮೊದಲು ಎಂಜಿನ್ ಆಯಿಲ್ ವಿಷಯ ಮುಗಿಸಿಬಿಡೋಣ. ಬೇಡ. ಆಡು ಮೈ ನೆಕ್ಕುತ್ತದೆ, ತಾಯಿ ಮರಿಯನ್ನು ನೆಕ್ಕುತ್ತದೆ, ಆ ಎಣ್ಣೆ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಹೊಟ್ಟೆಗೂ ಹೋಗುತ್ತದೆ. ದೊಡ್ಡ ಹೋತ ಹೇಗೋ ತಡೆದುಕೊಂಡೀತು, ಎರಡು ತಿಂಗಳ ಮರಿ ತಡೆಯುವುದಿಲ್ಲ.

ನೀವು ಬರೆದದ್ದರಲ್ಲಿ ಎರಡು ಮಾತು ನನಗೆ ಮುಖ್ಯ ಅನ್ನಿಸಿತು. ಒಂದು, ತುರಿಕೆ ಇಲ್ಲ. ಇನ್ನೊಂದು, ಹಕ್ಕಳೆ ಜೊತೆ ಕೂದಲು ಗೊಂಚಲಾಗಿ ಬರುತ್ತದೆ. ಕಜ್ಜಿ ಹುಳ ಅಂದರೆ ಚರ್ಮದೊಳಗೆ ಬಿಲ ಕೊರೆಯುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಅದು ಹತ್ತಿದ ಮರಿ ಸುಮ್ನೆ ಕೂರುವುದೇ ಇಲ್ಲ. ಕಂಬಕ್ಕೆ, ಗೋಡೆಗೆ, ತಾಯಿಯ ಕಾಲಿಗೆ ಉಜ್ಜುತ್ತಲೇ ಇರುತ್ತದೆ, ಚರ್ಮ ದಪ್ಪವಾಗಿ ಮಡಿಕೆ ಬೀಳುತ್ತದೆ. ನಿಮ್ಮ ಮರಿಯ ಲಕ್ಷಣ ಅದಲ್ಲ. ಇಂಜೆಕ್ಷನ್ ಹಾಕಿಯೂ ಏನೂ ಆಗಲಿಲ್ಲ ಎನ್ನುವುದೂ ಇದು ಕಜ್ಜಿ ಹುಳ ಅಲ್ಲ ಎನ್ನುವುದಕ್ಕೇ ಹೊಂದುತ್ತದೆ.

ನನ್ನ ಅಂದಾಜು ಡರ್ಮಟೋಫಿಲೋಸಿಸ್. ಹೆಸರು ಬಾಯಿಗೆ ಬರುವುದಿಲ್ಲ ಅಲ್ವಾ, ನಾನು ರೈತರ ಹತ್ತಿರ ಮಳೆಗಜ್ಜಿ ಎಂದೇ ಹೇಳುತ್ತೇನೆ. ಇದು ಹುಳವೂ ಅಲ್ಲ, ಬೂಸ್ಟೂ ಅಲ್ಲ, ಒಂದು ಬ್ಯಾಕ್ಟೀರಿಯಾ. ಒಣಗಿದ ಹಕ್ಕಳೆಯಲ್ಲಿ ತೆಪ್ಪಗೆ ಬಿದ್ದಿರುತ್ತದೆ. ನೀರು ತಾಗಿದ ಕೂಡಲೇ ಎದ್ದು, ಆ ನೀರಿನಲ್ಲೇ ಈಜಿ ಹೊಸ ಜಾಗ ಹುಡುಕುತ್ತದೆ. ಆದರೆ ಗಟ್ಟಿ ಚರ್ಮವನ್ನು ದಾಟಲು ಅದಕ್ಕೆ ಆಗುವುದಿಲ್ಲ. ದಿನಗಟ್ಟಲೆ ನೆನೆದು ಮೆತ್ತಗಾದ ಚರ್ಮ ಬೇಕು, ಇಲ್ಲವೇ ಮುಳ್ಳು ಗೀರಿದ ಜಾಗ, ಉಣ್ಣೆ ಕಚ್ಚಿದ ಜಾಗ. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಜಡಿಮಳೆ, ಕೊಟ್ಟಿಗೆಯಲ್ಲಿ ಹಾಸಿದ ಗೋಣಿಚೀಲ ಒಣಗುವುದೇ ಇಲ್ಲ, ಅದರ ಮೇಲೇ ಮರಿ ಮಲಗುತ್ತದೆ. ಇದಕ್ಕಿಂತ ಅನುಕೂಲ ಆ ಬ್ಯಾಕ್ಟೀರಿಯಾಗೆ ಇನ್ನೇನು ಬೇಕು?

ಒಂದು ಹಕ್ಕಳೆ ತೆಗೆದು ತಿರುಗಿಸಿ ನೋಡಿ. ಕೂದಲು ಒತ್ತಾಗಿ ಅಂಟಿಕೊಂಡು ಸುಣ್ಣ ಬಳಿಯುವ ಕುಂಚದ ಹಾಗೆ ಕಾಣುತ್ತಾ? ಅಡಿಭಾಗ ಸ್ವಲ್ಪ ಕುಳಿಬಿದ್ದು, ಹಳದಿ ಕೀವಿನಂತೆ ಒದ್ದೆ ಇದೆಯಾ? ಹಾಗಿದ್ದರೆ ಮಳೆಗಜ್ಜಿಯೇ ಇರಬೇಕು. ಹುಳುಕಡ್ಡಿಯಾದರೆ ಕೂದಲು ಬುಡದಲ್ಲೇ ತುಂಡಾಗಿ, ನಾಣ್ಯದ ಹಾಗೆ ದುಂಡಗೆ, ಬೂದಿ ಬಣ್ಣದ ಒಣ ಪದರ ಕಾಣುತ್ತದೆ. ಹೇನಾದರೆ ಕೂದಲು ಬಿಡಿಸಿದರೆ ಕಣ್ಣಿಗೇ ಕಾಣುತ್ತದೆ. ಬಿಳಿ ಬಣ್ಣದ ಮರಿಯಾಗಿದ್ದು, ಬೇಲಿಯ ಲಂಟಾನ ಮೇಯ್ದು, ಬಿಸಿಲಿಗೆ ಬಿಟ್ಟಾಗ ಕಿವಿ ಮೂಗು ಸುಟ್ಟಂತಾದರೆ ಅದು ಬೇರೆಯೇ ಕಥೆ, ಅಲ್ಲಿ ಹಾಳಾಗಿರುವುದು ಲಿವರ್. ಕಣ್ಣು ಹಳದಿಯಾಗಿದೆಯಾ ಎಂದು ಒಮ್ಮೆ ನೋಡಿಬಿಡಿ.

ಇಷ್ಟಾದರೂ ಪತ್ರ ಓದಿ ಹೇಳಿದ್ದು ಅಂದಾಜೇ. ಎರಡು ಮೂರು ಹಕ್ಕಳೆಗಳನ್ನು ಕಾಗದದಲ್ಲಿ ಸುತ್ತಿ (ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ) ತಾಲ್ಲೂಕು ಪಶು ಆಸ್ಪತ್ರೆಗೆ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ಗಾಜಿನ ಪಟ್ಟಿಯ ಮೇಲೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಈ ಬ್ಯಾಕ್ಟೀರಿಯಾ ರೈಲು ಹಳಿಯ ಹಾಗೆ ಜೋಡಿಸಾಲಾಗಿ ಕಾಣುತ್ತದೆ. ಜಾಸ್ತಿ ಖರ್ಚಿನ ಪರೀಕ್ಷೆಯೇನಲ್ಲ.

ಇನ್ನು ಅತ್ತೆಯವರ ಎಣ್ಣೆ. ಬೇವಿನೆಣ್ಣೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ಒಣ ಚರ್ಮಕ್ಕೆ ನಾನೇ ಹಚ್ಚಿಸಿದ್ದೇನೆ. ಆದರೆ ಈ ಕಾಯಿಲೆಗೆ ಎಣ್ಣೆ ಅಂದರೆ ಹಸಿ ಗಾಯದ ಮೇಲೆ ಮುಚ್ಚಳ ಹಾಕಿದಂತೆ. ತೇವ ಒಳಗೇ ಉಳಿಯುತ್ತದೆ. ಅತ್ತೆಗೆ ಬೇಜಾರಾಗದ ಹಾಗೆ ಒಂದು ತಿಂಗಳು ನಿಲ್ಲಿಸಿ.

ಮಾಡಬೇಕಾದ ದೊಡ್ಡ ಕೆಲಸ ಮರಿಯನ್ನು ಒಣಗಿಸುವುದು, ಅರ್ಧ ಔಷಧಿ ಅದೇ. ಮಳೆಗೆ ಬಿಡಬೇಡಿ. ಬಚ್ಚಲ ಒಲೆಯ ಹತ್ತಿರ, ಹೊಗೆ ತುಂಬದ ಮೂಲೆಯಲ್ಲಿ, ನೆಲದಿಂದ ಒಂದಡಿ ಎತ್ತರಕ್ಕೆ ರೀಪಿನ ಅಟ್ಟಣೆ ಮಾಡಿ, ಉಚ್ಚೆ ಕೆಳಗೆ ಇಳಿದುಹೋಗಲಿ. ಹಾಸುವುದಾದರೆ ಒಣಹುಲ್ಲು, ದಿನಾ ಬದಲಿಸಿ. ಬಿಸಿಲು ಬಿದ್ದ ಅರ್ಧ ಗಂಟೆಯನ್ನೂ ಬಿಡಬೇಡಿ, ಮರಿಯನ್ನು ಅಂಗಳಕ್ಕೆ ತನ್ನಿ. ಸ್ನಾನ ಮಾಡಿಸಲೇಬೇಡಿ. ಗಾಯಕ್ಕೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಹಕ್ಕಳೆ ಮೆತ್ತಗಾಗುವಷ್ಟು ಒತ್ತಿ, ತಾನಾಗಿ ಸಡಿಲವಾದದ್ದನ್ನು ಮಾತ್ರ ತೆಗೆಯಿರಿ, ಕಿತ್ತು ರಕ್ತ ಬರಿಸಬೇಡಿ. ಆಮೇಲೆ ಆ ಜಾಗ ಒರೆಸಿ ಒಣಗಿಸಿ. ತೆಗೆದ ಹಕ್ಕಳೆಗಳನ್ನು ಗೊಬ್ಬರದ ಗುಂಡಿಗೆ ಎಸೆಯದೆ ಒಲೆಗೆ ಹಾಕಿ. ಕಿವಿಯೊಳಗೆ, ಬಾಲದ ಬುಡದಲ್ಲಿ ಉಣ್ಣೆ ಇದ್ದರೆ ಬರಿಗೈಯಲ್ಲಿ ಹಿಸುಕಬೇಡಿ, ಚಿಮಟದಲ್ಲಿ ತೆಗೆಯಿರಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದೂ ಉಣ್ಣೆಯಿಂದಲೇ ಅಲ್ವಾ, ಉಣ್ಣೆ ವಿಷಯದಲ್ಲಿ ಉಡಾಫೆ ಬೇಡ.

ಮೈಯಲ್ಲಿ ಇಷ್ಟು ಹರಡಿರುವುದರಿಂದ ಆಂಟಿಬಯೋಟಿಕ್ ಕೂಡ ಬೇಕಾದೀತು. ಪೆನಿಸಿಲಿನ್ ಅಥವಾ ಆಕ್ಸಿಟೆಟ್ರಾಸೈಕ್ಲಿನ್‌ಗೆ ಇದು ಚೆನ್ನಾಗಿ ಬಗ್ಗುತ್ತದೆ, ಆದರೆ ಎಷ್ಟು, ಎಷ್ಟು ದಿನ ಎನ್ನುವುದನ್ನು ಮರಿ ತೂಗಿ ವೈದ್ಯರೇ ಹೇಳಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನೀವು ಹಾಕಿದ ಐವರ್‌ಮೆಕ್ಟಿನ್ ಎಷ್ಟು ಮಿಲಿ ಎಂದು ಬರೆದೇ ಇಲ್ಲ. ಅಂಗಡಿಯಲ್ಲಿ ಸಿಗುವ ಶೇ. 1ರ ಔಷಧಿ 50 ಕೆಜಿ ತೂಕಕ್ಕೆ 1 ಮಿಲಿ. ನಿಮ್ಮ ಮರಿ 8 ಕೆಜಿ ಇದೆ ಅಂದುಕೊಂಡರೆ ಬೇಕಾದದ್ದು ಬರೀ 0.16 ಮಿಲಿ! ದೊಡ್ಡ ಸಿರಿಂಜಿನಲ್ಲಿ ಅದನ್ನು ಅಳೆಯಲೂ ಆಗುವುದಿಲ್ಲ, ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಸಿರಿಂಜ್ ಬೇಕು. 'ಸ್ವಲ್ಪ ಅಲ್ವಾ' ಎಂದು ಅರ್ಧ, ಮುಕ್ಕಾಲು ಮಿಲಿ ಏರಿಸಿ, ತೂರಾಡುವ ಮರಿಯನ್ನು ಎತ್ತಿಕೊಂಡು ಓಡಿ ಬಂದವರನ್ನು ನಾನು ನೋಡಿದ್ದೇನೆ. ನಿಮ್ಮದು ಚೆನ್ನಾಗಿ ಓಡಾಡುತ್ತಿದ್ದರೆ ಗಾಬರಿ ಬೇಡ, ಆದರೆ ಎರಡನೇ ಸಲ ಹಾಕಬೇಡಿ.

ಸೊರಗಿದೆ ಎಂದಿರಿ. ಕೆಳರೆಪ್ಪೆ ಬಿಡಿಸಿ ನೋಡಿ. ಒಳಗೆ ಕೆಂಪು ಇಲ್ಲದೆ ಬಿಳಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಇರಬಹುದು. ಆಸ್ಪತ್ರೆಗೆ ಹೋದಾಗ ನಾಲ್ಕು ಹಿಕ್ಕೆಯನ್ನೂ ಒಯ್ದರೆ ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತದೆ.

ಮಗಳ ವಿಷಯ: ಮಳೆಗಜ್ಜಿ ಅಪರೂಪಕ್ಕೆ ಮನುಷ್ಯರಿಗೂ ಅಂಟುತ್ತದೆ. ಒಂದು ವೇಳೆ ಹುಳುಕಡ್ಡಿಯೇ ಆಗಿದ್ದರೆ ಇನ್ನೂ ಸುಲಭವಾಗಿ ಅಂಟುತ್ತದೆ. ವಾಸಿಯಾಗುವವರೆಗೆ ತೊಡೆ ಬೇಡ. ದೂರದಿಂದ ಸೊಪ್ಪು ಹಿಡಿದು ತಿನ್ನಿಸಲಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ಮರಿಗೆ ಔಷಧಿ ಹಚ್ಚುವ ನೀವೂ ಗ್ಲೌಸ್ ಹಾಕಿ. ಮಗಳ ಮೈಮೇಲೆ ಕೆಂಪು ಗುಳ್ಳೆ, ದುಂಡು ಮಚ್ಚೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಆಡಿನ ಮರಿ ಇದೆ ಎಂದೂ ಹೇಳಿ.

ಒಣಗಿಸಿಟ್ಟರೆ ಮೂರು ನಾಲ್ಕು ವಾರದಲ್ಲಿ ಹೊಸ ಕೂದಲು ಬರಬೇಕು.

ಪ್ರಶ್ನೆ: ಅರಸೀಕೆರೆ ಕಡೆಯವನು. ಮೂರು ಮೇಕೆ ಮರಿಗಳಿಗೆ ತುಟಿಯ ಸುತ್ತ ಮಾತ್ರ ಹೂಕೋಸಿನಂಥ ಹುಣ್ಣು. ಈಗ ತಾಯಿಯ ಮೊಲೆತೊಟ್ಟಿಗೂ ಬಂದಿದೆ, ಮರಿಗಳಿಗೆ ಹಾಲು ಕುಡಿಯಲು ಬಿಡುತ್ತಿಲ್ಲ. ಹಕ್ಕಳೆ ಕಿತ್ತು ಔಷಧಿ ಹಚ್ಚಲಾ?

ಉತ್ತರ: ಕೀಳಬೇಡಿ! ಇದು ಆರ್ಫ್ ಎಂಬ ವೈರಸ್ಸಿನ ಬಾಯಿ ಹುಣ್ಣಿನಂತೆ ಕಾಣುತ್ತದೆ. ಮಳೆಗಜ್ಜಿಯಲ್ಲಿ ಸಡಿಲವಾದ ಹಕ್ಕಳೆ ತೆಗೆಯಬಹುದು, ಇಲ್ಲಿ ಹಾಗಲ್ಲ, ಹಕ್ಕಳೆ ಕಿತ್ತಷ್ಟೂ ವಾಸಿ ನಿಧಾನ, ಕೆಳಗೆ ಬಿದ್ದ ಹಕ್ಕಳೆಯಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಮೂರು ನಾಲ್ಕು ವಾರದಲ್ಲಿ ತಾನಾಗಿ ಉದುರುತ್ತದೆ. ಅಲ್ಲಿಯವರೆಗೆ ಮರಿ ಹಸಿದು ಸಾಯದಂತೆ ನೋಡಿಕೊಳ್ಳುವುದೇ ನಿಮ್ಮ ಕೆಲಸ. ಗ್ಲೌಸ್ ಹಾಕಿ ತಾಯಿಯ ಹಾಲು ಕರೆದು ಬಾಟಲಿಯಲ್ಲಿ ಕುಡಿಸಿ. ಹುಣ್ಣಿಗೆ ಬೋರಿಕ್ ಪುಡಿಯನ್ನು ಗ್ಲಿಸರಿನ್‌ನಲ್ಲಿ ಕಲಸಿ ತೆಳ್ಳಗೆ ಹಚ್ಚಿ. ಇದು ನಿಮ್ಮ ಬೆರಳಿಗೂ ಅಂಟುತ್ತದೆ, ಗಾಯ ಇದ್ದ ಕೈಯಲ್ಲಿ ಮುಟ್ಟಲೇಬೇಡಿ.

ಹುಣ್ಣಿನ ಜೊತೆ 104 ಡಿಗ್ರಿ ಮೀರಿದ ಜ್ವರ, ಮೂಗಿನಲ್ಲಿ ಸಿಂಬಳ, ಭೇದಿ ಇದ್ದರೆ ಪಿಪಿಆರ್ (ಆಡು-ಕುರಿಗಳಲ್ಲಿ ಬೇಗ ಹರಡುವ ವೈರಸ್ ಕಾಯಿಲೆ) ಆಗಿರಬಹುದು. ಆಗ ಕಾಯಬೇಡಿ, ಅವತ್ತೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಆ ಮರಿಗಳನ್ನು ಹಿಂಡಿನಿಂದ ಬೇರೆ ಕಟ್ಟಿ.