ಅಜ್ಜಿಯ ನಾಯಿ ಜೊತೆ ಬ್ಲ್ಯಾಕ್ ಪಾರ್ಕ್‌ಗೆ

ಲಂಡನ್ ಹತ್ತಿರದ ಸ್ಲೌ ಊರಿಗೆ ಬಂದು ಎರಡು ತಿಂಗಳಾಯಿತು, ಆಫೀಸು ಬಿಟ್ಟರೆ ಯಾರೂ ಮಾತಾಡಿಸುವುದಿಲ್ಲ, ಈಗ ಪಕ್ಕದ ಮನೆ ಅಜ್ಜಿ ಭಾನುವಾರ ಮಧ್ಯಾಹ್ನ ನಾಯಿ ಸುತ್ತಾಡಿಸಲು ಬ್ಲ್ಯಾಕ್ ಪಾರ್ಕ್‌ಗೆ ಬಾ ಅಂತಿದ್ದಾರೆ, ನನಗೋ ನಾಯಿ ಅಂದರೆ ಭಯ, ಏನು ಮಾಡಲಿ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು ಹೂಂ ಅನ್ನಿ.

ಪಾರ್ಕ್ ಅಂದ ಕೂಡಲೇ ಬೆಂಚು, ಹೂವಿನ ಪಾತಿ ನೆನೆಸಿಕೊಳ್ಳಬೇಡಿ. ಇದು 500 ಎಕರೆಗೂ ಜಾಸ್ತಿ ಇರುವ ಕಾಡು. ಸಾಲು ಸಾಲು ಪೈನ್ ಮರ, ಒಂದು ಕೆರೆ, ದಡದಲ್ಲಿ ಕೆಫೆ. ಪಕ್ಕದಲ್ಲೇ ಸಿನಿಮಾ ತೆಗೆಯುವ ಪೈನ್‌ವುಡ್ ಸ್ಟುಡಿಯೋ. ಜೇಮ್ಸ್ ಬಾಂಡ್ ಕಾರು ಓಡಿಸಿದ ಕಾಡು ಅಂತ ಊರಿಗೆ ಫೋಟೋ ಕಳಿಸಬಹುದು!

ನಾನು ಮೊದಲ ಸಲ ಹೋದದ್ದು ನವೆಂಬರ್ ಕೊನೆಗೆ, 3 ಗಂಟೆಗೆ, ಹೊಸ ಬಿಳಿ ಶೂ ಹಾಕಿಕೊಂಡು. ಎಲೆ ಹಾಸಿದ ದಾರಿ ಅಂತ ಕಾಲಿಟ್ಟರೆ ಹರಡಿನವರೆಗೆ ಕೆಸರು. 4 ದಾಟುತ್ತಲೇ ಕತ್ತಲೆ. ಮೊಬೈಲ್ ಬೆಳಕಲ್ಲಿ ಕಾರು ಹುಡುಕಿದೆ. ಹಾಗಾಗಿ ಊಟವಾದ ಕೂಡಲೇ ಹೊರಡಿ, ಭಾನುವಾರದ ನಿದ್ದೆ ಆಮೇಲೆ.

ಎದುರಿಗೆ ಬರುವ ನಾಯಿಗಳಿಗೆ ಎಷ್ಟೋ ಸಲ ಹಗ್ಗ ಕಟ್ಟಿರುವುದಿಲ್ಲ. ಓಡಬೇಡಿ, ಓಡಿದರೆ ಅವಕ್ಕೆ ಆಟ. ಸುಮ್ನೆ ಕೈ ಕಟ್ಟಿ ನಿಂತು, ಭಯ ಆಗುತ್ತೆ ಅಂತ ಮಾಲೀಕರಿಗೆ ಹೇಳಿಬಿಡಿ. ಕರೆದು ಹಿಡಿದುಕೊಳ್ಳುತ್ತಾರೆ. ಬೀದಿ ನಾಯಿ ಇಲ್ಲಿ ಕಾಣಿಸದು. ಹೊರಗೆ ಬಂದ ನಾಯಿಯ ಕೊರಳಪಟ್ಟಿಯಲ್ಲಿ ಮಾಲೀಕರ ಹೆಸರು, ವಿಳಾಸ ಇರಲೇಬೇಕು. 2016ರಿಂದ ಮೈಯೊಳಗೆ ಗುರುತಿನ ಮೈಕ್ರೋಚಿಪ್ ಕೂಡ ಕಡ್ಡಾಯ. ಅಜ್ಜಿ ಬಗ್ಗಿ ಹೊಲಸನ್ನು ಚೀಲಕ್ಕೆ ತುಂಬುವಾಗ ಮುಖ ಸಿಂಡರಿಸಬೇಡಿ. ಬಿಟ್ಟು ಬಂದರೆ ದಂಡ. ನಾನೂ ಮೊದಲು ನಗುತ್ತಿದ್ದೆ, ಈಗ ನನ್ನ ಕೋಟಿನ ಜೇಬಲ್ಲೂ ಆ ಚೀಲದ ಸುರುಳಿ ಇದೆ.

ಮಾತು? ಬಸ್ ಸ್ಟಾಪಿನಲ್ಲಿ ವರ್ಷಗಟ್ಟಲೆ ಪಕ್ಕದಲ್ಲೇ ನಿಂತು ಬಾಯಿ ಬಿಡದವರು ಕಾಡಿನಲ್ಲಿ ತಾವೇ ನಿಲ್ಲುತ್ತಾರೆ, ನಾಯಿ ಇದ್ದರೆ. ಹೆಸರೇನು, ವಯಸ್ಸೆಷ್ಟು ಅಂತ ಶುರು. ನಾಯಿಯದ್ದು, ನಿಮ್ಮದಲ್ಲ! ಎರಡು ವರ್ಷದಿಂದ ಸಿಗುವ ಒಬ್ಬರನ್ನು ನಾನು ಇನ್ನೂ ‘ಬೆಲ್ಲಾ ಅಪ್ಪ’ ಅಂತಲೇ ಗುರುತಿಟ್ಟುಕೊಂಡಿದ್ದೇನೆ. ಒಂದು ಎಚ್ಚರಿಕೆ: ನಮಗೆ ನಾಯಿ ‘ಅದು’, ಅಲ್ವಾ? ಅದೇ ಅಭ್ಯಾಸದಲ್ಲಿ ನಾನು ‘ಇಟ್’ ಅಂದೆ. ‘ಶೀ’ ಅಂತ ತಿದ್ದಿದರು, ಮುಖ ಗಂಟು ಹಾಕಿಕೊಂಡೇ.

ಬರಿಗೈಯಲ್ಲಿ ಹೋಗಬೇಡಿ, ಕೋಡುಬಳೆ ಇದ್ದರೆ ಕಟ್ಟಿಕೊಳ್ಳಿ. ಅಜ್ಜಿಗೆ ಮಾತ್ರ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇರೆ ಏನೇ ಆದರೂ ಕೇಳಿಯೇ ಅದಕ್ಕೆ, ಅಲ್ಲಲ್ಲ, ಅವಳಿಗೆ ಕೊಡಿ.