48 ವರ್ಷಕ್ಕೇ ರಕ್ತ ತೆಳು ಮಾಡುವ ಮಾತ್ರೆ ಬೇಕೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾನು ದಾವಣಗೆರೆ ಕಡೆಯವಳು. ಈಗ ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ, ಪೇಟೆಯಿಂದ ಬಹಳ ದೂರದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿಗೆ ಬರುವವರು ಹೆಚ್ಚಾಗಿ ಅಬೊರಿಜಿನಲ್ ಜನ, ಅಂದರೆ ಇಲ್ಲಿನ ಮೂಲನಿವಾಸಿಗಳು. 48 ವರ್ಷದ ಒಬ್ಬರ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಎ.ಎಫ್., ಹೃದಯ ಬಡಿತದ ಏರುಪೇರು) ಕಂಡಿದೆ. ಶುಗರ್, ಬಿಪಿ ಎರಡೂ ಇವೆ. ಹಿಂದಿನ ಡಾಕ್ಟರು ಬರೀ ಆಸ್ಪಿರಿನ್ ಕೊಟ್ಟು, ‘ಇನ್ನೂ ಚಿಕ್ಕ ವಯಸ್ಸು, ಮಾತ್ರೆ ಸರಿಯಾಗಿ ನುಂಗುವವರಲ್ಲ’ ಎಂದು ಫೈಲಿನಲ್ಲಿ ಬರೆದಿದ್ದಾರೆ. ನಾನು ಮೊದಲು ಕೆಲಸ ಮಾಡಿದ ಪೇಟೆ ಆಸ್ಪತ್ರೆಯಲ್ಲಿ 70 ದಾಟಿದ ಬಿಳಿಯ ರೋಗಿಗಳಿಗೆ ತಡಮಾಡದೆ ರಕ್ತ ತೆಳು ಮಾಡುವ ಅಪಿಕ್ಸಾಬಾನ್ ಬರೆಯುತ್ತಿದ್ದರು. ಈ ವ್ಯತ್ಯಾಸ ಸರಿಯೇ?

ಉತ್ತರ: ಸರಿಯಲ್ಲ. ನಿಮ್ಮ ರೋಗಿಗೆ ವಯಸ್ಸನ್ನು ಲೆಕ್ಕಕ್ಕೇ ಹಿಡಿಯದಿದ್ದರೂ ರಕ್ತ ತೆಳು ಮಾಡುವ ಮಾತ್ರೆ ಬೇಕಾಗುತ್ತದೆ.

ಎ.ಎಫ್. ಇದ್ದಾಗ ಹೃದಯದ ಮೇಲಿನ ಕೋಣೆಗಳು ರಕ್ತವನ್ನು ಹಿಂಡಿ ಕಳಿಸುವ ಬದಲು ಸುಮ್ಮನೆ ಅದುರುತ್ತಿರುತ್ತವೆ. ಎಡಗಡೆಯ ಮೇಲ್ಕೋಣೆಗೆ ಅಂಟಿಕೊಂಡ ಒಂದು ಪುಟ್ಟ ಚೀಲವಿದೆ. ಅದರೊಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಕಳಚಿ ಮೆದುಳಿಗೆ ಹೋದರೆ ಲಕ್ವ. ಎ.ಎಫ್. ಇರುವವರಲ್ಲಿ ಈ ಅಪಾಯ ಸುಮಾರು ಐದು ಪಟ್ಟು. ರಕ್ತ ತೆಳು ಮಾಡುವ ಹಳೆಯ ಮಾತ್ರೆ ವಾರ್ಫರಿನ್ ಅದನ್ನು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗಿಸುತ್ತದೆ. ಆಸ್ಪಿರಿನ್‌ನಿಂದ ಆಗುವ ಲಾಭ ಅಲ್ಪ. ವಾರ್ಫರಿನ್ ಹೊಂದದು ಎಂದು ಡಾಕ್ಟರುಗಳೇ ಬದಿಗಿಟ್ಟಿದ್ದ ರೋಗಿಗಳಿಗೆ ಅಪಿಕ್ಸಾಬಾನ್ ಅಥವಾ ಆಸ್ಪಿರಿನ್ ಕೊಟ್ಟು ಹೋಲಿಸಿದ ದೊಡ್ಡ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಪಿಕ್ಸಾಬಾನ್ ಗುಂಪಿನಲ್ಲಿ ಲಕ್ವ ಅರ್ಧಕ್ಕಿಂತ ಕೆಳಗಿಳಿಯಿತು, ದೊಡ್ಡ ರಕ್ತಸ್ರಾವ ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ. ಫಲಿತಾಂಶ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಇಷ್ಟಾದ ಮೇಲೂ ‘ಏನೋ ಒಂದು ಇರಲಿ’ ಎಂದು ಆಸ್ಪಿರಿನ್ ಬರೆಯುವ ಚಾಳಿ ನಮ್ಮಲ್ಲೂ ಹೋಗಿಲ್ಲ, ಅಲ್ಲೂ ಹೋಗಿಲ್ಲ.

ಈಗ ಲೆಕ್ಕ ಹಾಕಿ. ಆಸ್ಟ್ರೇಲಿಯಾದ 2018ರ ಮಾರ್ಗಸೂಚಿ ಗಂಡು-ಹೆಣ್ಣೆಂಬ ಅಂಕವನ್ನು ಕೈಬಿಟ್ಟ ಚಾಡ್ಸ್-ವಿಎ ಎಂಬ ಲಕ್ವದ ಅಪಾಯದ ಸ್ಕೋರನ್ನು ಬಳಸುತ್ತದೆ. ಹೃದಯ ವೈಫಲ್ಯ, ಬಿಪಿ, ಶುಗರ್, ರಕ್ತನಾಳದ ಕಾಯಿಲೆ, ಇವಕ್ಕೆ ಒಂದೊಂದು ಅಂಕ. ವಯಸ್ಸು 65ರಿಂದ 74 ಆಗಿದ್ದರೆ ಒಂದು, 75 ಅಥವಾ ಹೆಚ್ಚಾಗಿದ್ದರೆ ಎರಡು. ಹಿಂದೆ ಲಕ್ವ ಆಗಿದ್ದರೆ ಎರಡು. ಮೊತ್ತ ಎರಡು ಅಥವಾ ಹೆಚ್ಚಾದರೆ ಮಾತ್ರೆ ಕೊಡಬೇಕು, ಒಂದಾದರೆ ಯೋಚಿಸಬಹುದು. ನಿಮ್ಮ ರೋಗಿಗೆ ಶುಗರ್ ಒಂದು, ಬಿಪಿ ಒಂದು, ಒಟ್ಟು ಎರಡು. ಬೇರೆ ಕಾಯಿಲೆ ಇಲ್ಲದ 70ರ ಅಜ್ಜನಿಗೆ ಬರುವುದು ಒಂದೇ. ‘ಚಿಕ್ಕ ವಯಸ್ಸು’ ಎಂದು ಬರೆದ ಕೈ ಈ ಕೂಡಿಕೆ ಮಾಡಿರಲಿಲ್ಲ, ಅಷ್ಟೇ.

ಒಬ್ಬ ಡಾಕ್ಟರ ಅಸಡ್ಡೆ ಎಂದು ಇದನ್ನು ಮುಗಿಸುವಂತಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಎ.ಎಫ್. ಉಳಿದವರಿಗಿಂತ ಬಹಳ ಮುಂಚೆಯೇ, ನಡುವಯಸ್ಸಿನಲ್ಲೇ ಬರುತ್ತದೆ. ಜೊತೆಗೆ ಶುಗರ್, ಕಿಡ್ನಿ ತೊಂದರೆ, ರುಮ್ಯಾಟಿಕ್ ಹೃದ್ರೋಗ (ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಡುವುದು). ಆದರೆ ನಾವು ಓದಿ ಬೆಳೆದ ಪುಸ್ತಕಗಳಲ್ಲಿ ಎ.ಎಫ್. ರೋಗಿ ಎಂದರೆ ತಲೆ ನರೆತವರು. ಇನ್ನೊಂದು ಮಾತು. ಮೂಲನಿವಾಸಿಗಳಲ್ಲಿ ಎಷ್ಟು ಜನರಿಗೆ ಮಾತ್ರೆ, ಉಳಿದವರಲ್ಲಿ ಎಷ್ಟು ಜನರಿಗೆ ಎಂದು ಶೇಕಡಾವಾರು ಪಕ್ಕಪಕ್ಕ ಇಟ್ಟು ತೀರ್ಪು ಕೊಡಬೇಡಿ. ಒಂದು ಗುಂಪು ಕಿರಿಯರದ್ದು, ಇನ್ನೊಂದು ಹಿರಿಯರದ್ದು. ಒಂದೇ ಸ್ಕೋರ್ ಇರುವವರನ್ನು ಹೋಲಿಸಿದಾಗ ಮಾತ್ರ ಯಾರಿಗೆ ಕೊರತೆಯಾಗಿದೆ ಎಂದು ತಿಳಿಯುತ್ತದೆ. ನಿಮ್ಮ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಎ.ಎಫ್. ಇರುವವರ ಪಟ್ಟಿ ತೆಗೆದು ಸ್ಕೋರ್ ಬರೆಯುತ್ತಾ ಹೋಗಿ, ಒಂದು ಮಧ್ಯಾಹ್ನದ ಕೆಲಸ.

‘ಸರಿಯಾಗಿ ನುಂಗುವವರಲ್ಲ’ ಎಂಬ ಸಾಲನ್ನು ನಾನಾಗಿದ್ದರೆ ಹೊಡೆದುಹಾಕಿ, ಏಕೆ ನುಂಗಲಿಲ್ಲ ಎಂದು ಕೇಳಿ ಬರೆಯುತ್ತಿದ್ದೆ. ಬಂಧುವೊಬ್ಬರು ತೀರಿಕೊಂಡರೆಂದು ನೂರಾರು ಕಿಲೋಮೀಟರ್ ಹೋಗಿ ವಾರಗಟ್ಟಲೆ ಅಲ್ಲೇ ಉಳಿಯುವವರಿಗೆ ವಾರ್ಫರಿನ್‌ನ ಐಎನ್‌ಆರ್ ಪರೀಕ್ಷೆ (ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವುದು) ತಪ್ಪುವುದು ಸಹಜ. ಬೆರಳು ಚುಚ್ಚಿ ಆ ನಿಮಿಷವೇ ಐಎನ್‌ಆರ್ ತೋರಿಸುವ ಯಂತ್ರ ಕ್ಲಿನಿಕ್ಕಿನಲ್ಲಿದ್ದರೆ ಅರ್ಧ ತೊಡಕು ಬಗೆಹರಿಯುತ್ತದೆ. ಅಪಿಕ್ಸಾಬಾನ್, ರಿವರಾಕ್ಸಾಬಾನ್, ಡಾಬಿಗಟ್ರಾನ್ ಎಂಬ ಹೊಸ ಮಾತ್ರೆಗಳು ಎ.ಎಫ್.ಗೆ ಅಲ್ಲಿನ ಸರ್ಕಾರಿ ಸಬ್ಸಿಡಿ ಪಟ್ಟಿ ಸೇರಿದ್ದು 2013ರಲ್ಲಿ. ದೂರದ ಅಬೊರಿಜಿನಲ್ ಕ್ಲಿನಿಕ್ಕುಗಳಲ್ಲಿ ಔಷಧಿ ಉಚಿತವಾಗಿ ಕೊಡುವ ವ್ಯವಸ್ಥೆ ಅದಕ್ಕೂ ಹಳೆಯದು. ಹೀಗಾಗಿ ದುಡ್ಡಿನ ನೆಪ ಇಲ್ಲಿ ನಿಲ್ಲುವುದಿಲ್ಲ. ಆದರೆ ಹೊಸ ಮಾತ್ರೆಗಳ ಪ್ರಭಾವ ಒಂದು ದಿನದಲ್ಲೇ ಇಳಿದುಹೋಗುತ್ತದೆ ಎಂಬುದನ್ನು ರೋಗಿಗೆ ಬಿಡಿಸಿ ಹೇಳಿ. ರಿವರಾಕ್ಸಾಬಾನ್ ದಿನಕ್ಕೆ ಒಂದೇ ಸಲ, ಸುಲಭ. ಆದರೆ ಎ.ಎಫ್.ಗೆ ಕೊಡುವ 15 ಮತ್ತು 20 ಮಿ.ಗ್ರಾಂ. ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಹೀರಿಕೆಯಾಗದು. ಮನೆಯಲ್ಲಿ ಊಟಕ್ಕೆ ಹೊತ್ತುಗೊತ್ತು ಇಲ್ಲದಿದ್ದರೆ ದಿನಕ್ಕೆರಡು ಸಲದ ಅಪಿಕ್ಸಾಬಾನೇ ವಾಸಿ.

ಬರೆಯುವ ಮುನ್ನ ಎರಡು ರಿಪೋರ್ಟ್ ಕೈಯಲ್ಲಿರಲಿ. ಮೊದಲನೆಯದು ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್. ಅದರ ಕ್ಲಿಯರೆನ್ಸ್ (ಕಿಡ್ನಿ ಅದನ್ನು ಹೊರಹಾಕುವ ವೇಗ) ನಿಮಿಷಕ್ಕೆ 30 ಮಿ.ಲೀ.ಗಿಂತ ಕೆಳಗಿದ್ದರೆ ಡಾಬಿಗಟ್ರಾನ್ ಬೇಡ, ಆ ಮಾತ್ರೆಯ ಬಹುಪಾಲು ಕಿಡ್ನಿಯ ಮೂಲಕವೇ ಹೊರಹೋಗುತ್ತದೆ. 25ಕ್ಕಿಂತ ಕೆಳಗಾದರೆ ಆಸ್ಟ್ರೇಲಿಯಾದಲ್ಲಿ ಅಪಿಕ್ಸಾಬಾನ್‌ಗೂ ಅನುಮತಿ ಇಲ್ಲ. ಎರಡನೆಯದು ಎಕೋ, ಅಂದರೆ ಹೃದಯದ ಸ್ಕ್ಯಾನ್. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಮಧ್ಯಮ ಅಥವಾ ಹೆಚ್ಚಿನ ಮಟ್ಟದಲ್ಲಿ ಕಿರಿದಾಗಿದ್ದರೆ ಮೇಲಿನ ಸ್ಕೋರೂ ಬೇಡ, ಹೊಸ ಮಾತ್ರೆಯೂ ಬೇಡ. ನೇರವಾಗಿ ವಾರ್ಫರಿನ್. ನಾರ್ದರ್ನ್ ಟೆರಿಟರಿಯಲ್ಲಿ ಈ ಕವಾಟದ ಕಾಯಿಲೆ ಎಷ್ಟಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ಅಮ್ಮನಿಗೆ 52. ವಾಲ್ವ್ ಕಿರಿದಾಗಿದೆ, ಎ.ಎಫ್. ಇದೆ ಎಂದು ಬಹಳ ವರ್ಷಗಳಿಂದ ಅಸಿಟ್ರಾಮ್ ಕೊಡುತ್ತಿದ್ದಾರೆ. ಐಎನ್‌ಆರ್‌ಗೆಂದು ಹಳ್ಳಿಯಿಂದ ಹಾಸನಕ್ಕೆ ಓಡಾಡಿ ಸಾಕಾಗಿದೆ. ಪಕ್ಕದ ಮನೆಯವರಿಗೆ ಟೆಸ್ಟ್ ಬೇಕಿಲ್ಲದ ಹೊಸ ಮಾತ್ರೆ ಕೊಟ್ಟಿದ್ದಾರೆ. ಅಮ್ಮನಿಗೂ ಬದಲಾಯಿಸಬಹುದೇ?

ಉತ್ತರ: ಪಕ್ಕದ ಮನೆಯವರಿಗೆ ಬಹುಶಃ ಕವಾಟದ ತೊಂದರೆ ಇಲ್ಲ. ಅಮ್ಮನ ಎಕೋದಲ್ಲಿ ‘ಮೈಟ್ರಲ್ ಸ್ಟೆನೋಸಿಸ್’ ಮುಂದೆ ಮಾಡರೇಟ್ ಅಥವಾ ಸಿವಿಯರ್ ಎಂದಿದ್ದರೆ ಅಸಿಟ್ರಾಮ್ ಬಿಡಿಸಬೇಡಿ. ಅದು ವಾರ್ಫರಿನ್ ಜಾತಿಯದ್ದೇ. ಭಾರತವೂ ಸೇರಿ 24 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ ರುಮ್ಯಾಟಿಕ್ ಹೃದ್ರೋಗ ಮತ್ತು ಎ.ಎಫ್. ಎರಡೂ ಇದ್ದ ಸುಮಾರು 4,500 ಜನರಿದ್ದರು. ಹೊಸ ಮಾತ್ರೆಯೇ ಗೆಲ್ಲುತ್ತದೆ ಎಂದುಕೊಂಡವರು ಬಹಳ ಮಂದಿ. ಆದರೆ ರಿವರಾಕ್ಸಾಬಾನ್ ಪಡೆದವರಿಗಿಂತ ಹಳೆಯ ಮಾತ್ರೆಯವರಲ್ಲೇ ಸಾವು ಕಡಿಮೆಯಿತ್ತು.

ಐಎನ್‌ಆರ್ 2ರಿಂದ 3ರೊಳಗೆ ಸ್ಥಿರವಾಗಿ ನಿಂತಿದ್ದರೆ ಪರೀಕ್ಷೆಯ ನಡುವಿನ ಅಂತರ ಹೆಚ್ಚಿಸಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಸೊಪ್ಪು ಪೂರ್ತಿ ಬಿಡುವುದು ಬೇಡ, ವಾರದಿಂದ ವಾರಕ್ಕೆ ಅಳತೆ ಏರುಪೇರಾಗದಿದ್ದರೆ ಸಾಕು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫಿನ್ಯಾಕ್ ಮಾತ್ರ ಖಂಡಿತ ಬೇಡ. ಪ್ಯಾರಾಸಿಟಮಾಲ್ ಆದೀತು, ಅದನ್ನೂ ದಿನಗಟ್ಟಲೆ ನುಂಗುವುದಾದರೆ ಡಾಕ್ಟರಿಗೆ ತಿಳಿಸಿ ಐಎನ್‌ಆರ್ ಒಮ್ಮೆ ನೋಡಿಸಿ.