ಲಾವಾ ಮನೆ ನುಂಗಿದರೂ ಹವಾಯಿ ಜನ ಅಲ್ಲೇ ಯಾಕೆ ಇರುತ್ತಾರೆ?

ಮೂಲ ಹವಾಯಿಯನ್ನರಿಗೆ ಲಾವಾ ಸುಮ್ನೆ ಕರಗಿದ ಕಲ್ಲಲ್ಲ, ಪೆಲೆ ದೇವಿ. ‘ಟೂಟೂ ಪೆಲೆ’ ಎಂದು ಕರೆಯುತ್ತಾರೆ, ಅಂದರೆ ಪೆಲೆ ಅಜ್ಜಿ. ನೆಲ ಅವಳದು, ಬೇಕಾದಾಗ ವಾಪಸ್ ತಗೊಳ್ಳುತ್ತಾಳೆ, ಅಷ್ಟೇ.

2018ರ ಮೇ ತಿಂಗಳಲ್ಲಿ ಕಿಲಾವೆಯಾ ಜ್ವಾಲಾಮುಖಿ ಸಿಡಿದಾಗ ಲೆಯ್ಲಾನಿ ಎಸ್ಟೇಟ್ಸ್ ಬಡಾವಣೆಯ ರಸ್ತೆಗಳೇ ಬಾಯಿ ಬಿಟ್ಟವು. ಆ ಬಿರುಕುಗಳ ಅಂಚಿನಲ್ಲಿ ಕೆಲವರು ಟೀ ಎಲೆ ಇಟ್ಟು ಬಂದರು (ನಮ್ಮ ಚಹಾ ಅಲ್ಲ, ಅಲ್ಲಿನ ಪವಿತ್ರ ಗಿಡ). ಲಾವಾ ಬರುವ ಮೊದಲು ಮನೆ ಗುಡಿಸಿ ಒರೆಸಿ ಹೊರಟವರೂ ಇದ್ದಾರೆ. ನೆಂಟರು ಬರುವಾಗ ನಾವು ಮಾಡುತ್ತೇವಲ್ವಾ, ಹಾಗೆ.

1935ರಲ್ಲಿ ಹಿಲೋ ಊರು ಉಳಿಸಲು ಅಮೆರಿಕದ ಸೇನೆ ಮೌನಾ ಲೋವಾ ಜ್ವಾಲಾಮುಖಿಯ ಲಾವಾ ಮೇಲೆ ಬಾಂಬ್ ಹಾಕಿತ್ತು. ಹಲವರಿಗೆ ಅದು ದೇವಿಗೆ ಮಾಡಿದ ಅವಮಾನ.

ಹಾಗಂತ ಎಲ್ಲವೂ ಭಕ್ತಿಯಲ್ಲ. ಲೆಯ್ಲಾನಿ ಇರುವ ಪುನಾ ಭಾಗದಲ್ಲಿ ಜಾಗ ಅಗ್ಗ. ಅದಕ್ಕೇ ಬಂದು ನೆಲೆಸಿದವರೂ ಬೇಕಾದಷ್ಟು ಜನ.